ಲೆನ್ಸಿನೊಳಗಿನ ಬೂಷ್ಟು

ಮನೆಯಲ್ಲಿ ಎಲ್ಲರಿಗಿಂತ ಕಿರಿಯವಳೆಂದು ಇಟ್ಟ ಸಣ್ಣಿ ಎಂಬ ಹೆಸರು, ಮೂವತ್ತು ದಾಟಿದರೂ ಅವಳನ್ನು ಬಿಟ್ಟಿರಲಿಲ್ಲ. ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜಿಗೆ ಸಾಣೆ ಹಿಡಿದು ಫ್ರೇಮಿಗೆ ಕೂರಿಸುವುದು, ಗಿರಾಕಿಯ ಮುಖಕ್ಕೆ ಹಾಕಿ ಸರಿಯಾಗಿದೆಯೇ ಎಂದು ನೋಡುವುದು. ಹೊಸ ಕನ್ನಡಕ ಏರಿದ ಮೊದಲ ಗಳಿಗೆಯಲ್ಲಿ ಜನರ ಮುಖ ಒಂದು ಥರ ಆಗುತ್ತದೆ. ಬೀದಿಯಾಚೆಯ ಬೋರ್ಡು ಓದಲು ಬಂತೆಂದು ಹುಬ್ಬು ಮೇಲೇರುತ್ತದೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಗತ್ತಿನಿಂದ ಒಳಗೆ ಬಂದ ದೊಡ್ಡ ಮನುಷ್ಯರೂ ಆಗತಾನೇ ನಿದ್ದೆಯಿಂದ ಎದ್ದ ಕೂಸಿನ ಹಾಗೆ ಕಾಣುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮಾಯವಾಗಿ, "ಕಂತು ಇದೆಯಾ?" ಎಂದು ಕೇಳುವ ಮುಖ ಮರಳಿರುತ್ತದೆ. ವರ್ಷಗಟ್ಟಲೆ ನೋಡಿದ ಮೇಲೆ ಸಣ್ಣಿಗೆ ಅದನ್ನು ಹಿಡಿದಿಡಬೇಕು ಅನಿಸಿತು. ಫೋನಿನಲ್ಲಿ ಪ್ರಯತ್ನಿಸಿದಳು. ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾದ ಮುಖಗಳು ಬಂದವು.

ಕ್ಯಾಮೆರಾ ಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ಅಕ್ಕ ಮೂಗು ಮುರಿದಳು. ಸಣ್ಣಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಓದಿದಳು, ವೀಡಿಯೊ ನೋಡಿದಳು. ಒಬ್ಬ ಮೆಗಾಪಿಕ್ಸೆಲ್ ಹೆಚ್ಚಿರಬೇಕು ಅನ್ನುತ್ತಿದ್ದ, ಇನ್ನೊಬ್ಬ ಅದೆಲ್ಲ ಬರೀ ಬೊಗಳೆ, ಸೆನ್ಸರ್ ದೊಡ್ಡದಿರಬೇಕು ಅನ್ನುತ್ತಿದ್ದ, ಮೂರನೆಯವ ಇಬ್ಬರಿಗೂ ಬೈದು ಲೆನ್ಸಿನ ಪಾಠ ಶುರು ಮಾಡುತ್ತಿದ್ದ. ತಲೆ ಚಿಟ್ಟು ಹಿಡಿದು ಒಂದು ಸಂಜೆ ನೇರ ಕ್ಯಾಮೆರಾ ಅಂಗಡಿಗೇ ಹೋದಳು.

ಸೇಲ್ಸ್‌ಮನ್ ಮೊಣಕೈಯುದ್ದದ ಜೂಮ್ ಇರುವ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. "ಇದ್ರಲ್ಲಿ ಚಂದ್ರನ ಮೇಲಿನ ಗುಂಡಿಗಳೂ ಕಾಣ್ತವೆ ಮೇಡಂ."

"ನನಗೆ ಚಂದ್ರ ಬೇಡ. ಮನುಷ್ಯರ ಮುಖ ಬೇಕು."

ಅವನು ನಗುತ್ತ ಒಳಗಿನಿಂದ ಬೇರೊಂದು ತಂದ. ಗಿಡ್ಡನೆಯ, ದಪ್ಪನೆಯ ಲೆನ್ಸು, ಮುಂದೆ ಬಾವಿಯಂಥ ಗಾಜು. "ಎಂಬತ್ತೈದು ಎಂಎಂ ಲೆನ್ಸು. ಮುಖಕ್ಕೆ ಅಂತಲೇ ಮಾಡಿರೋದು." ಸಣ್ಣಿ ಅದರೊಳಗಿಂದ ಬಾಗಿಲಲ್ಲಿ ಕೂತಿದ್ದ ಕಾವಲುಗಾರನನ್ನು ನೋಡಿದಳು. ಹಿಂದಿನ ಬೀದಿ ಕರಗಿ ಬಣ್ಣದ ನೀರಾಗಿತ್ತು. ಅವನ ಕಣ್ಣಿನ ಸುತ್ತಲ ಗೆರೆಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಬೆಲೆ ಕೇಳಿದ ಮೇಲೆ ಲೆನ್ಸನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಅದು ಕೈಗೆಟುಕುವ ಮಾತಾಗಿರಲಿಲ್ಲ.

ಆ ಲೆನ್ಸು ಒಮ್ಮೆ ಕಂಡಮೇಲೆ ಬೇರೆ ಯಾವುದೂ ಅವಳ ಮನಸ್ಸಿಗೆ ಹತ್ತಲಿಲ್ಲ. ಹಳೆಯದಾದರೂ ಆದೀತೆಂದು ಮಾರಾಟದ ಜಾಹೀರಾತುಗಳನ್ನು ಜಾಲಾಡಿದಳು. ಕೊನೆಗೊಂದು ಸಿಕ್ಕಿತು. ಕಣ್ಣಿನ ತೊಂದರೆಯಿಂದ ಕೆಲಸ ಬಿಟ್ಟ ಸ್ಟುಡಿಯೋ ಮಾಲೀಕರೊಬ್ಬರು ತಮ್ಮ ಡಿಜಿಟಲ್ ಕ್ಯಾಮೆರಾವನ್ನು ಎಂಬತ್ತೈದರ ಲೆನ್ಸಿನ ಸಮೇತ ಮಾರುವವರಿದ್ದರು. ಕೆಳಗೆ ಬರೆದಿತ್ತು: ಕಲಿಯುವವರಿಗೆ ಆದ್ಯತೆ.

ಭಾವ ಇದರೊಳಗೆ ಬಂದದ್ದು ಇಲ್ಲಿಂದ. ಅಕ್ಕನ ಗಂಡ ಹಳೆಯ ಫ್ರಿಜ್ಜು, ವಾಷಿಂಗ್ ಮಷೀನು ಕೊಂಡು ಮಾರುವ ವ್ಯಾಪಾರಿ. ಸದಾ ನಗುಮುಖ. ಯಾವ ಮನೆಗೆ ಹೋದರೂ ಅಲ್ಲಿಯ ಅಜ್ಜಿಯನ್ನು ನಗಿಸಿ, ಟೀ ಕುಡಿದು, ನೆಟ್ಟಗಿರುವ ಸಾಮಾನಿಗೊಂದು ಕುಂದು ಹಚ್ಚಿ ಹೊತ್ತು ತರುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಯಾರೇ ಏನೇ ಕೊಳ್ಳುವುದಿದ್ದರೂ ಅವನನ್ನು ಕರೆದುಕೊಂಡೇ ಹೋಗುತ್ತಿದ್ದರು. ಸಣ್ಣಿಯೂ ಕರೆದಳು.

ಬಸ್ಸಿನಲ್ಲಿ ಭಾವ ಪಾಠ ಹೇಳಿದ. "ಇಷ್ಟ ಆಯ್ತು ಅಂತ ಮುಖದಲ್ಲಿ ತೋರಿಸ್ಬೇಡ. ನಾನು ಏನೇ ಅಂದ್ರೂ ಹೂಂ ಅನ್ನು. ನಿನ್ನ ಹತ್ರ ಇರೋ ದುಡ್ಡಲ್ಲಿ ಆ ಲೆನ್ಸ್ ಬರಬೇಕಾ, ಬೇಡ್ವಾ?"

"ಬೇಕು ಭಾವ."

"ಅಷ್ಟೇ ಮತ್ತೆ."

ಬಾಗಿಲು ತೆರೆದವರು ತೆಳ್ಳಗಿನ, ಎತ್ತರದ ಮುದುಕ. ಊರಿನ ಅರ್ಧ ಫೋಟೋಗ್ರಾಫರುಗಳಿಗೆ ಕೆಲಸ ಕಲಿಸಿದವರಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಮಾತಾಡಿಸುವಾಗ ಅವರು ಇವರ ಮುಖ ಬಿಟ್ಟು ಪಕ್ಕದ ಗೋಡೆಯ ಕಡೆ ತಿರುಗಿದರು.

"ತಪ್ಪು ತಿಳ್ಕೋಬೇಡಿ. ನೇರ ನೋಡಿದ್ರೆ ನೀವು ಕಾಣೋದೇ ಇಲ್ಲ. ನಡುವಿನ ದೃಷ್ಟಿ ಹೋಗಿದೆ. ಪಕ್ಕಕ್ಕೆ ನೋಡಿದ್ರೆ ಅಂಚಲ್ಲಿ ಮಸುಕು ಮಸುಕಾಗಿ ಸಿಗ್ತೀರಿ."

ಭಾವ ಸಣ್ಣಿಯ ಕಡೆ ನೋಡಿ ಹುಬ್ಬು ಹಾರಿಸಿದ.

ಕೋಣೆ ಚೊಕ್ಕಟವಾಗಿತ್ತು. ಗೋಡೆಗೊಂದು ಗಾಜಿನ ಕಪಾಟು, ಒಳಗೆ ಸಾಲಾಗಿ ಲೆನ್ಸುಗಳು. ತೇವ ಹಿಡಿಯಬಾರದೆಂದು ಮೂಲೆಯಲ್ಲಿ ಪುಟ್ಟ ಬಲ್ಬೊಂದು ಉರಿಯುತ್ತಿತ್ತು. ಪ್ರತಿ ಲೆನ್ಸಿನ ಪಕ್ಕದಲ್ಲೂ ತೇವ ಹೀರುವ ಹರಳಿನ ಪೊಟ್ಟಣ. ಮೇಷ್ಟ್ರು ತಡವರಿಸದೆ ಕೈ ಹಾಕಿ ತಮಗೆ ಬೇಕಾದ್ದನ್ನೇ ತೆಗೆದರು. ಫ್ಲಾನಲ್ ಬಟ್ಟೆ ಬಿಚ್ಚಿ ಕ್ಯಾಮೆರಾವನ್ನು ಸಣ್ಣಿಯ ಕೈಗೆ ಕೊಟ್ಟರು.

"ನೀವೇನು ಕೆಲಸ ಮಾಡ್ತೀರಮ್ಮ?"

"ಕನ್ನಡಕದ ಅಂಗಡೀಲಿ. ಗಾಜು ಕೂರಿಸ್ತೀನಿ."

ಮುದುಕರ ಮುಖ ಅರಳಿತು. "ಹಾಗಾದ್ರೆ ಗಾಜಿನ ಮರ್ಯಾದೆ ಗೊತ್ತಿರೋಳು. ನೋಡೋಕೆ ಬಂದ ಹುಡುಗ್ರೆಲ್ಲ ಮೊದ್ಲು ವೀಡಿಯೊ ಹೆಂಗೆ ಬರುತ್ತೆ ಅಂತ ಕೇಳ್ತಾರೆ. ಹಿಡ್ಕೋ. ಎಡಗೈ ಕೆಳಗೆ, ಲೆನ್ಸಿನ ಹೊಟ್ಟೆ ಹತ್ರ. ಮೊಣಕೈ ಪಕ್ಕೆಗೆ ಒತ್ತು. ಉಸಿರು ಪೂರಾ ಬಿಟ್ಟು ಒತ್ಬೇಕು, ಹಿಡಿದಿಟ್ಕೊಂಡು ಅಲ್ಲ." ನೀವು ಎನ್ನುವುದು ಯಾವಾಗ ನೀನು ಆಯಿತೋ ಅವರಿಗೇ ತಿಳಿಯಲಿಲ್ಲ. "ಎಲ್ಲಿ, ನನ್ನದೇ ಒಂದು ತೆಗಿ."

ಅವರು ಕಿಟಕಿಯ ಪಕ್ಕ ಕೂತರು. ಬೆಳಕು ಯಾವ ಕೆನ್ನೆಗೆ ಬೀಳುತ್ತಿದೆ ಎಂದು ಚರ್ಮಕ್ಕೆ ತಾಗುವ ಬಿಸಿಯಿಂದ ಅಂದಾಜು ಮಾಡಿ ಮುಖ ತುಸು ಹೊರಳಿಸಿದರು. ಸಣ್ಣಿ ಉಸಿರು ಬಿಟ್ಟು ಒತ್ತಿದಳು. ಪರದೆಯ ಮೇಲೆ ಬಂದದ್ದನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಒಂದೊಂದು ರೆಪ್ಪೆಯೂ ಎಣಿಸುವಂತಿತ್ತು. ಎದುರಿಗಿದ್ದವರು ಕಾಣದೆ ಬೇರೆಲ್ಲೋ ಹುಡುಕುತ್ತಿರುವ ಆ ಕಣ್ಣು, ಒಣಗಿದ ತುಟಿಯಂಚಿನ ಸಣ್ಣ ನಗೆ, ಎಲ್ಲ ಇದ್ದ ಹಾಗೇ. ಕ್ಯಾಮೆರಾದಲ್ಲಿ ತಾನು ತೆಗೆದ ಮೊದಲ ಫೋಟೋ ಇದು ಎಂದು ಅವಳಿಗೇ ನಂಬಿಕೆ ಬರಲಿಲ್ಲ.

"ಹೆಂಗೆ ಬಂದಿದೆ?" ಎಂದು ಮೇಷ್ಟ್ರು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಭಾವ ಕ್ಯಾಮೆರಾ ತೆಗೆದುಕೊಂಡ. "ಎಲ್ಲೋ ಸ್ವಲ್ಪ ಮಬ್ಬು ಮಬ್ಬಾಗಿದೆಯಲ್ಲ ಮೇಷ್ಟ್ರೇ. ಮಂಜು ಕವಿದ ಹಾಗೆ." ಲೆನ್ಸು ಬಿಚ್ಚಿ, ಫೋನಿನ ಟಾರ್ಚ್ ಹಿಂದಿನಿಂದ ಬಿಟ್ಟು ಕಣ್ಣಿಗೆ ಹಿಡಿದ. ನಾಲಿಗೆಯಲ್ಲಿ ಲೊಚ್ ಎಂದ. "ಅಯ್ಯೋ ಪಾಪ. ಬೂಷ್ಟು ಹಿಡಿದಿದೆ."

ಮೇಷ್ಟ್ರ ಮುಖದ ಮೇಲಿನ ನಗು ಅಲ್ಲೇ ನಿಂತಿತು. "ಫಂಗಸ್ಸಾ? ಸಾಧ್ಯವೇ ಇಲ್ಲ. ಬಲ್ಬ್ ಆರೋಕೆ ಬಿಟ್ಟೋನಲ್ಲ ನಾನು. ದಿನಾ ಮುಟ್ಟಿ ನೋಡ್ತೀನಿ, ಬಿಸಿ ಇದೆಯಾ ಅಂತ."

"ಒಳಗಿನ ಗಾಜಿಗೆ ಹಿಡಿದಿದೆ ಮೇಷ್ಟ್ರೇ. ಹೊರಗಿಂದ ಒರೆಸಿದ್ರೆ ಹೋಗಲ್ಲ. ನಿಮ್ಮ ತಪ್ಪಲ್ಲ ಬಿಡಿ. ಕಣ್ಣು ಕಾಣದೆ ಇದ್ರೆ ನೀವಾದ್ರೂ ಏನ್ ಮಾಡ್ತೀರಿ."

ಮುದುಕರು ಸಣ್ಣಿ ನಿಂತಿದ್ದ ದಿಕ್ಕಿನಿಂದ ತುಸು ಆಚೆಗೆ ಮುಖ ತಿರುಗಿಸಿದರು.

"ಮಗಳೇ, ನೀನು ಗಾಜು ನೋಡೋಳು. ಇವ್ರು ವ್ಯಾಪಾರಸ್ಥರು, ಹತ್ತು ಹೇಳ್ತಾರೆ. ನೀನು ನೋಡಿ ಹೇಳು. ನೀನು ಹೇಳಿದ್ದನ್ನ ಒಪ್ಕೋತೀನಿ."

ಭಾವ ಲೆನ್ಸು ಮತ್ತು ಟಾರ್ಚು ಅವಳ ಕೈಗಿತ್ತ. ಅವಳು ನೋಡಿದಳು. ಗಾಜು ಗಾಜಾಗಿಯೇ ಇತ್ತು. ಒಂದು ಕೂದಲೆಳೆಯಿಲ್ಲ, ಒಂದು ಚುಕ್ಕೆಯಿಲ್ಲ. ಅಂಗಡಿಯಲ್ಲಿ ಪೊಟ್ಟಣ ಒಡೆದು ತೆಗೆಯುವ ಹೊಸ ಗಾಜಿನಲ್ಲೂ ಇಷ್ಟು ಶುದ್ಧ ಅವಳು ಕಂಡಿರಲಿಲ್ಲ. ಇಲ್ಲ ಎಂದರೆ ಬರಿಗೈಯಲ್ಲಿ ಮನೆಗೆ ಹೋಗಬೇಕು. ಈ ಲೆನ್ಸು ನಾಳೆ ವೀಡಿಯೊ ಕೇಳುವ ಯಾವನೋ ಒಬ್ಬನ ಪಾಲಾಗುತ್ತದೆ.

"ಹೌದು," ಎಂದಳು. "ಇದೆ."

"ಎಂಥದು? ಜೇಡರ ಬಲೆ ಥರ ಇದೆಯಾ, ಪುಡಿ ಪುಡಿ ಇದೆಯಾ?"

ಇಷ್ಟು ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ಆದರೆ ಓದಿದ್ದೆಲ್ಲ ತಲೆಯಲ್ಲಿತ್ತು. "ಬಲೆ ಥರ. ಅಂಚಿನಿಂದ ಶುರುವಾಗಿ ನಡುವಿನ ಕಡೆಗೆ ಕವಲು ಕವಲಾಗಿ ಹಬ್ಬಿದೆ. ಎರಡನೇ ಗಾಜಿನ ಮೇಲೆ."

ಭಾವನೇ ಬೆರಗಾಗಿ ಅವಳನ್ನು ನೋಡಿದ.

ಮೇಷ್ಟ್ರು ಕುರ್ಚಿಯ ತೋಳು ಹಿಡಿದು ಕೂತೇ ಇದ್ದರು. "ಬಲೆ ಥರ ಇದ್ರೆ ಹಳೇದು," ಎಂದರು ಮೆಲ್ಲಗೆ. "ಕಣ್ಣು ಹೋಗೋಕೆ ಮುಂಚೆನೇ ಹಿಡಿದಿರ್ಬೇಕು. ನನಗೆ ತಿಳೀಲಿಲ್ಲ." ಬೆಲೆಯ ಮಾತಿಗೆ ಅವರು ನಿಲ್ಲಲೇ ಇಲ್ಲ. ಭಾವ ಹೇಳಿದ್ದಕ್ಕೆ ಕೈಯಾಡಿಸಿ ಒಪ್ಪಿಕೊಂಡರು. ಕೇಳಿದ್ದರ ಅರ್ಧಕ್ಕೂ ಕಡಿಮೆಗೆ ಕ್ಯಾಮೆರಾ, ಲೆನ್ಸು ಎರಡೂ ಸಣ್ಣಿಯದಾದವು. ಹೊರಡುವಾಗ ಫ್ಲಾನಲ್ ಬಟ್ಟೆಯನ್ನೂ ಕೊಟ್ಟು, "ಕಲೀಲಿಕ್ಕೆ ಸಾಕಮ್ಮ, ಅಡ್ಡಿಯಿಲ್ಲ. ಬೆಳಕಿಗೆ ಎದುರಾಗಿ ಮಾತ್ರ ತೆಗೀಬೇಡ," ಎಂದರು.

ಮೆಟ್ಟಿಲಿಳಿಯುತ್ತ ಭಾವ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಎಲ್ಲಿ ಬಾಯಿಬಿಡ್ತೀಯೋ ಅಂತ ಹೆದರಿದ್ದೆ. ಕವಲು ಕವಲಂತೆ. ನನ್ನನ್ನೇ ಮೀರಿಸ್ಬಿಟ್ಟೆಯಲ್ಲೇ."

"ಪಾಪ, ಭಾವ."

ಅವನು ನಿಂತ. ನಗು ಹಾಗೇ ಇತ್ತು. "ಪಾಪ ಅನ್ಸಿದ್ರೆ ವಾಪಸ್ ಕೊಟ್ಟು ಬಾ. ಇಲ್ಲೇ ನಿಂತಿರ್ತೀನಿ."

ಸಣ್ಣಿ ಮೇಲೆ ನೋಡಿದಳು. ಬಾಗಿಲು ಹಾಕಿದ ಸದ್ದು ಇನ್ನೂ ಕೇಳಿರಲಿಲ್ಲ. ಚೀಲದ ಪಟ್ಟಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ಕೆಳಗಿಳಿದಳು.

ಕ್ಯಾಮೆರಾ ಅವಳ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಗಿರಾಕಿಗಳು ಮೊದಮೊದಲು ನಾಚಿದರು, ಆಮೇಲೆ ತಾವಾಗಿಯೇ ಕೇಳತೊಡಗಿದರು. ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಡಾಕ್ಟರಮ್ಮ ಒಂದು ಫೋಟೋ ದೊಡ್ಡದು ಮಾಡಿಸಿ ತಮ್ಮ ಕೋಣೆಯಲ್ಲಿ ಹಾಕಿಕೊಂಡರು. ಮುದುಕರ ನೆನಪು ಆಗಾಗ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆದರೂ ಲೆನ್ಸು ಕೈಗೆ ಬಂದರೆ ಎಲ್ಲ ಮರೆಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮೇಷ್ಟ್ರ ಫೋನು ಬಂತು.

"ಮಗಳೇ, ಒಂದು ಮಾತು. ಬೂಷ್ಟು ಒಂದಕ್ಕೆ ಹಿಡಿದ್ರೆ ಪಕ್ಕದ್ದಕ್ಕೂ ಹಬ್ಬುತ್ತೆ. ಎಲ್ಲಾ ಒಂದೇ ಕಪಾಟಲ್ಲಿದ್ವಲ್ಲ. ನೀನೊಮ್ಮೆ ಬಂದು ಉಳಿದವನ್ನ ನೋಡಿ ಹೇಳ್ತೀಯಾ? ನನ್ನ ಮಗಳಿಗೆ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾಳೆ. ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಾಳೆ, ಗೊತ್ತಾಗುತ್ತೆ. ನೀನಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀಯ."

ಭಾವನಿಗೆ ವಿಷಯ ತಿಳಿಸಿದಾಗ ಅವನು ತಟ್ಟನೆ, "ಎಲ್ಲಕ್ಕೂ ಹಬ್ಬಿದೆ ಅನ್ನು," ಎಂದ. ಅವಳು ಮಾತ್ರ, ಎಲ್ಲ ನೆಟ್ಟಗಿವೆ ಎಂದು ಹೇಳಿ ಬಂದುಬಿಡಬೇಕು, ಸಾಧ್ಯವಾದರೆ ಹಿಂದಿನದನ್ನೂ ಹೇಳಿಬಿಡಬೇಕು ಎಂದುಕೊಂಡೇ ರಜೆಯ ದಿನ ಒಬ್ಬಳೇ ಹೋದಳು.

ಆ ದಿನ ಮಗಳು ಮನೆಯಲ್ಲಿದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಸಣ್ಣಿಯದೇ ವಯಸ್ಸು. ಬಾಗಿಲು ತೆರೆದು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳಷ್ಟೇ. ಕಪಾಟಿನ ಬಲ್ಬ್ ಆರಿತ್ತು. ಲೆನ್ಸುಗಳನ್ನೆಲ್ಲ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಇಟ್ಟಿದ್ದರು. ಮೇಷ್ಟ್ರು ಇಳಿದುಹೋಗಿದ್ದರು.

"ಮೊದ್ಲು ಇದು ನೋಡು," ಎಂದು ಒಂದನ್ನು ಮುಂದಕ್ಕೆ ತಳ್ಳಿದರು. ಅಗಲವಾದ ದೃಶ್ಯ ಹಿಡಿಯುವ ಲೆನ್ಸು. ಕ್ಯಾಮೆರಾ ಅಂಗಡಿಯಲ್ಲಿ ಇಂಥದೊಂದನ್ನು ಮುಟ್ಟಿ ನೋಡಲೂ ಸಣ್ಣಿಗೆ ಧೈರ್ಯ ಬಂದಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದಳು. ಅದೂ ನೀರಿನ ಹಾಗೆ ತಿಳಿ.

"ಹೇಳು. ನನ್ನ ಮುಲಾಜು ನೋಡ್ಬೇಡ."

ಚೆನ್ನಾಗಿದೆ ಎಂಬ ಮಾತು ತುಟಿಯವರೆಗೆ ಬಂತು. ಎಂಬತ್ತೈದಕ್ಕೆ ಹಿಡಿದದ್ದು ಪಕ್ಕದಲ್ಲೇ ಇದ್ದ ಇದಕ್ಕೆ ಯಾಕೆ ಹಿಡಿಯಲಿಲ್ಲ ಎಂದು ಅವರು ಕೇಳಿದರೆ? ಕೇಳಿಯೇ ಕೇಳುತ್ತಾರೆ. ಲೆನ್ಸು ಅವಳ ಅಂಗೈಯಲ್ಲಿ ತಣ್ಣಗೆ, ಭಾರವಾಗಿ ಕೂತಿತ್ತು.

"ಇದಕ್ಕೂ ಶುರುವಾಗಿದೆ ಮೇಷ್ಟ್ರೇ," ಎಂದಳು.

ಉಳಿದವುಗಳಿಗೂ ಅದನ್ನೇ ಹೇಳಿದಳು. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಆಮೇಲೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಅವಳ ಕಡೆ ಚಾಚಿದರು. "ಕಸಕ್ಕೆ ಹಾಕೋಕೆ ಕೈ ಬರಲ್ಲ. ನೀನೇ ಇಟ್ಕೋ. ಬಿಚ್ಚಿ ಜೋಡಿಸೋದು ಕಲಿ, ಬೇರೆ ಏನೂ ಬೇಡ. ಆ ದಿನ ನನ್ನ ಫೋಟೋ ತೆಗೆದೆಯಲ್ಲ, ಮಬ್ಬಾಗಿದ್ರೂ ಪರ್ವಾಗಿಲ್ಲ, ಒಂದು ಪ್ರಿಂಟ್ ಕೊಡು. ಇವಳಿಗೆ ಇರಲಿ."

ಅದನ್ನು ಕೊಟ್ಟರೆ ಮಬ್ಬು ಎಲ್ಲಿದೆ ಎಂದು ಮಗಳು ಕೇಳುತ್ತಾಳೆ. "ಅದು ಅಳಿಸಿ ಹೋಯ್ತು ಮೇಷ್ಟ್ರೇ. ನನಗಾಗ ಸರಿಯಾಗಿ ಗೊತ್ತಿರ್ಲಿಲ್ಲ," ಎಂದಳು.

"ಹೋಗ್ಲಿ ಬಿಡು. ಮೊದಲ್ನೇದು ಎಲ್ರಿಗೂ ಅಳಿಸಿ ಹೋಗುತ್ತೆ."

ಮಗಳು ಕಳಿಸಿಕೊಡಲು ಹೊರಗೆ ಬಂದು ಬಾಗಿಲನ್ನು ಹಿಂದೆ ಎಳೆದುಕೊಂಡಳು. ಚೀಲದಿಂದ ಒಂದು ಲೆನ್ಸು ತೆಗೆದು ಮೆಟ್ಟಿಲ ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದಳು. ವಾಪಸ್ ಚೀಲಕ್ಕಿಟ್ಟಳು.

"ದಿನವೆಲ್ಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರೋಳು ನಾನು. ನೀವು ಹೋದ ದಿನಾನೇ ಎಲ್ಲಾ ನೋಡಿದೀನಿ."

ಸಣ್ಣಿ ಬಾಗಿಲ ಕಡೆ ತಿರುಗಿದಳು. "ನಾನು ಹೇಳಿಬಿಡ್ತೀನಿ. ಈಗ್ಲೇ ಒಳಗೆ ಹೋಗಿ..."

"ಹೇಳಿ ನಿಮಗೆ ಹಗುರ ಆಗುತ್ತೆ. ಅವ್ರಿಗೆ?" ಅವಳ ದನಿ ಏರಲಿಲ್ಲ. "ಅವ್ರಿಗೆ ಕಣ್ಣು ಹೋಗಿದೆ ಅಂತ ಮಾತ್ರ ಗೊತ್ತು. ಮನುಷ್ಯರ ಗುರುತು ಹಿಡಿಯೋದೂ ಹೋಗಿದೆ ಅಂತ ಇವತ್ತು ನಾನು ತಿಳಿಸಲ್ಲ. ಕಲಿಯೋ ಹುಡುಗಿಗೆ ಕೊಟ್ಟೆ ಅನ್ನೋ ಸಂತೋಷ ಒಂದು ಉಳಿದಿದೆ. ತಗೊಂಡು ಹೋಗಿ. ಫೋನ್ ಬಂದ್ರೆ ಎತ್ತಬೇಡಿ."

ಚೀಲ ಅಲ್ಲೇ ಇಟ್ಟು ಬರಬಹುದಿತ್ತು. ಸಣ್ಣಿ ಇಟ್ಟು ಬರಲಿಲ್ಲ. ಅಗಲದ ಲೆನ್ಸನ್ನು ತಾನಿಟ್ಟುಕೊಂಡಳು. ಉಳಿದವನ್ನು ಭಾವ ಒಳ್ಳೆಯ ಬೆಲೆಗೆ ಮಾರಿ, ಹಬ್ಬಿದ ಬೂಷ್ಟಿಗೆ ಕೈಮುಗಿದು ನಗಾಡಿದ. ಮೇಷ್ಟ್ರ ಫೋನು ಹಲವು ಸಲ ಬಂತು. ಅವಳು ಎತ್ತಲಿಲ್ಲ. ಕೊನೆಗೆ ಆ ನಂಬರು ಬರದಂತೆ ಮಾಡಿದಳು. ಅಳಿಸಿ ಹೋಯಿತು ಎಂದಿದ್ದ ಅವರ ಫೋಟೋವನ್ನು ಹವ್ಯಾಸಿಗಳ ಕೂಟವೊಂದಕ್ಕೆ ಕಳಿಸಿದಳು. ಅಲ್ಲಿ ಎಲ್ಲರೂ ಹೊಗಳಿದರು, ಈ ಮುಖ ಎಲ್ಲಿ ಸಿಕ್ಕಿತು ಎಂದು ಕೇಳಿದರು. "ದಾರೀಲಿ ಸಿಕ್ಕಿದ್ರು," ಎಂದಳು.

ಮುಂದೊಂದು ದಿನ ಅಂಗಡಿಯ ಬಾಗಿಲು ತೆರೆದು ಮಗಳ ತೋಳು ಹಿಡಿದುಕೊಂಡು ಮೇಷ್ಟ್ರೇ ಒಳಗೆ ಬಂದರು. ಬೇರೆ ಯಾವುದೋ ಆಸ್ಪತ್ರೆಯವರು ಕಳಿಸಿದ್ದರು. ಅಕ್ಷರ ದೊಡ್ಡದಾಗಿ ಕಾಣುವ ದಪ್ಪ ಗಾಜಿನ ವಿಶೇಷ ಕನ್ನಡಕ ಇಲ್ಲಿ ಮಾತ್ರ ಕೂರಿಸಿಕೊಡುತ್ತಿದ್ದರು. ಮಗಳು ಸಣ್ಣಿಯನ್ನು ಕಂಡು ಒಂದು ಕ್ಷಣ ನಿಂತಳು. ವಾಪಸ್ ಹೋಗಲು ತಿರುಗಿದಳು ಕೂಡ. ಅಷ್ಟರಲ್ಲಿ ಡಾಕ್ಟರಮ್ಮ ಬಂದು ಮುದುಕರನ್ನು ಕೂರಿಸಿ ಪರೀಕ್ಷೆ ಮುಗಿಸಿ, ಫ್ರೇಮನ್ನು ಸಣ್ಣಿಯ ಕೈಗೆ ಕೊಟ್ಟು ಒಳಗೆ ಹೋದರು.

ಮೇಷ್ಟ್ರು ಅವಳ ಎದುರಿಗೇ ಕೂತಿದ್ದರು. ಮುಖದಿಂದ ಅವಳ ಗುರುತು ಸಿಗುವಂತಿರಲಿಲ್ಲ. ದನಿ ಕೇಳಿದರೆ ಸಿಗುತ್ತಿತ್ತು. ಅವಳು ತುಟಿ ಬಿಗಿದುಕೊಂಡು ಫ್ರೇಮನ್ನು ಅವರ ಮೂಗಿನ ಮೇಲಿಟ್ಟಳು.

"ನನಗೊಬ್ಬಳು ಹುಡುಗಿ ಗೊತ್ತು, ನಿಮ್ಮ ಥರದ್ದೇ ಕೆಲಸ," ಎಂದು ಅವರು ಮಾತು ತೆಗೆದರು. "ಗಾಜು ನೋಡೋದ್ರಲ್ಲಿ ಅವಳ ಕಣ್ಣೇ ಕಣ್ಣು. ಯಾವ ಅಂಗಡಿ ಅಂತ ಕೇಳ್ಕೊಂಡಿರ್ಲಿಲ್ಲ. ಈಗ ಫೋನ್ ಎತ್ತಲ್ಲ. ಮೈಗೆ ಹುಷಾರಿಲ್ವೋ ಏನೋ. ನಿಮ್ಮಲ್ಲೇನಾದ್ರೂ ಇದ್ದಾಳಾ?"

ಸಣ್ಣಿ ಬಲಕಿವಿಗೆ ಸಿಕ್ಕಿಸುವ ಕಡ್ಡಿಯನ್ನು ಸಡಿಲ ಮಾಡಿದಳು. ಅವರು ಮುಖ ಪಕ್ಕಕ್ಕೆ ಹೊರಳಿಸಿ, ಅಂಚಿನಲ್ಲಾದರೂ ಯಾರೆಂದು ಕಂಡೀತೇ ಎಂದು ಹುಡುಕಿದರು. "ಕೇಳಿಸ್ತಾ ಅಮ್ಮಾ?"

"ಅಪ್ಪ," ಎಂದಳು ಮಗಳು ಪಕ್ಕದ ಕುರ್ಚಿಯಿಂದ, "ಇವ್ರಿಗೆ ಮಾತು ಬರಲ್ಲ."

"ಅಯ್ಯೋ." ಮುದುಕರಿಗೆ ನಾಚಿಕೆಯಾಯಿತು. ತಡವರಿಸಿ ಸಣ್ಣಿಯ ಕೈ ಹುಡುಕಿ ಹಿಡಿದು, ಮೆಲ್ಲಗೆ ತಟ್ಟಿ, ಅವಳಿಗೆ ಕಾಣಲೆಂದು ಎರಡೂ ಕೈ ಎತ್ತಿ ಮುಗಿದರು. "ತಿಳೀಲಿಲ್ಲ ತಾಯಿ. ಕಾಣಲ್ಲ ನೋಡು ನನಗೆ." ಸಣ್ಣಿ ಮಗಳ ಕಡೆ ನೋಡಿದಳು. ಮಗಳು ಅವಳ ಮುಖದಿಂದ ಕಣ್ಣು ತೆಗೆಯದೆ, ಪೂರ್ತಿ ನೋಡಿ ಮುಗಿಸುವವಳ ಹಾಗೆ ನೋಡುತ್ತಿದ್ದಳು.

ಕನ್ನಡಕ ಕೂರಿಸಿಕೊಂಡು ಇಬ್ಬರೂ ಹೊರಟರು. ಬಾಗಿಲ ಹತ್ತಿರ ಮೇಷ್ಟ್ರು ಇನ್ನೊಮ್ಮೆ ತಿರುಗಿ, ಯಾರೂ ಇಲ್ಲದ ಕಡೆಗೆ ಕೈಮುಗಿದರು.

ಡಾಕ್ಟರಮ್ಮ ಹೊರಗೆ ಬಂದು, "ಯಾಕೆ ಒಂದು ಮಾತೂ ಆಡ್ಲಿಲ್ಲ ನೀನು?" ಎಂದು ಕೇಳಿದರು.

"ಗಂಟಲು ಕಟ್ಟಿದೆ ಮೇಡಂ."

ಡಾಕ್ಟರಮ್ಮ ಒಳಗೆ ಹೋದಮೇಲೆ ಸಣ್ಣಿಗೆ ಹೊಳೆಯಿತು: ಅವಸರದಲ್ಲಿ ಎಡಗಡೆಯ ಕಡ್ಡಿಯನ್ನು ಸಡಿಲ ಮಾಡುವುದು ಬಿಟ್ಟುಹೋಗಿತ್ತು. ನಾಳೆಯ ಹೊತ್ತಿಗೆ ಮುದುಕರ ಕಿವಿಯ ಹಿಂದೆ ಹುಣ್ಣಾಗುತ್ತದೆ. ಕಿಟಕಿಯಿಂದ ನೋಡಿದರೆ ಅವರಿನ್ನೂ ರಸ್ತೆ ದಾಟಲು ಕಾಯುತ್ತ ನಿಂತಿದ್ದರು, ಕರೆದರೆ ಕೇಳುವಷ್ಟು ಹತ್ತಿರ. ಸಣ್ಣಿ ಸ್ಕ್ರೂಡ್ರೈವರ್ ಡಬ್ಬಿಗೆ ಹಾಕಿ, ಮುಂದಿನ ಗಿರಾಕಿಯನ್ನು ಒಳಗೆ ಕರೆದಳು.